ನಾಲ್ವರಿಗೊಂದು ಫೋನ್, ಅದೂ ಶಾಲೆಯದೇ

ಪೋಷಕರೇ, ಎಸ್‌ಡಿಎಂಸಿ ಸದಸ್ಯರೇ, ಶಿಕ್ಷಕ ಮಿತ್ರರೇ,

ತರಗತಿಗೆ ಮೊಬೈಲ್ ಬೇಕೋ ಬೇಡವೋ ಎಂದು ಜಗಳವಾಡುತ್ತೇವೆ. ಒಂದು ಫೋನಿನ ಸುತ್ತ ಎಷ್ಟು ಮಕ್ಕಳು ಕೂರಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೈಗೊಂದು ಫೋನ್ ಕೊಟ್ಟರೆ ಮಕ್ಕಳು ಪಕ್ಕದವರೊಡನೆ ಮಾತು ಬಿಡುತ್ತಾರೆ. ನಿಮ್ಮ ಆ ಭಯ ನ್ಯಾಯವಾದದ್ದೇ. ನಾವು ಕೇಳುತ್ತಿರುವುದು ನಾಲ್ಕು ಮಕ್ಕಳಿಗೆ ಒಂದು ಫೋನ್. ಸಿಮ್ ಇಲ್ಲದ, ಪಾಠ ಮುಗಿದೊಡನೆ ಬೀರುವಿಗೆ ಹೋಗುವ, ಶಾಲೆಯದೇ ಫೋನ್.

ಪ್ರೌಢಶಾಲೆಯ ಶಬ್ದದ ಪಾಠವನ್ನೇ ನೋಡಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ರೂಪಿಸಿದ 'ಫೈಫಾಕ್ಸ್' ಎಂಬ ಆ್ಯಪ್ ಇದೆ. ಉಚಿತ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ. ಅದರ ಗಡಿಯಾರ ಸದ್ದಿಗೆ ಓಡುತ್ತದೆ, ಇನ್ನೊಂದು ಸದ್ದಿಗೆ ನಿಲ್ಲುತ್ತದೆ. ಎರಡು ಗುಂಪುಗಳು ತಮ್ಮ ಫೋನುಗಳನ್ನು 5 ಮೀಟರ್ ದೂರದಲ್ಲಿ ಇಡಲಿ. ಮೊದಲು ಈ ಫೋನಿನ ಬಳಿ ಒಂದು ಚಪ್ಪಾಳೆ, ಆಮೇಲೆ ಆ ಫೋನಿನ ಬಳಿ ಇನ್ನೊಂದು. ಎರಡು ಗಡಿಯಾರಗಳೂ ಬೇರೆ ಬೇರೆ ಸಮಯ ತೋರಿಸುತ್ತವೆ; ವ್ಯತ್ಯಾಸ ಸುಮಾರು 0.029 ಸೆಕೆಂಡ್. ಎರಡು ಚಪ್ಪಾಳೆಗಳ ಸದ್ದೂ ಆಚೆಯ ಫೋನಿಗೆ 5 ಮೀಟರ್ ಸಾಗಬೇಕಲ್ಲ, ಒಟ್ಟು 10 ಮೀಟರ್ ಸಾಗಲು ಹಿಡಿದ ಹೊತ್ತು ಅದು. ಭಾಗಿಸಿದರೆ ಶಬ್ದದ ವೇಗ ಕೈಗೆ ಸಿಗುತ್ತದೆ: ಸೆಕೆಂಡಿಗೆ 340 ಮೀಟರಿನ ಆಸುಪಾಸು. ಒಂದೇ ಫೋನಿನ ಅಂಕಿಯಿಂದ ಈ ಉತ್ತರ ಬಾರದು. ಎರಡು ಗುಂಪುಗಳೂ ಕೂತು ಅಂಕಿ ಹಂಚಿಕೊಳ್ಳಲೇಬೇಕು, ತಾಳೆಯಾಗದಿದ್ದರೆ ವಾದಿಸಲೇಬೇಕು. ನಮಗೆ ಬೇಕಾದದ್ದು ಆ ವಾದವೇ.

ಗುಂಪಾಗಿ ಕಲಿಯುವುದು ನಮಗೆ ಹೊಸತಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊದಲಾದ ನಲಿ-ಕಲಿ ಚಿಕ್ಕ ಮಕ್ಕಳನ್ನು ಹಾಗೆಯೇ ಕೂರಿಸಿ ಕಲಿಸಿತು. ಪ್ರೌಢಶಾಲೆಗೆ ಬರುವ ಹೊತ್ತಿಗೆ ಅದೇಕೆ ಸಾಲು ಬೆಂಚುಗಳಲ್ಲಿ ಕಳೆದುಹೋಗಬೇಕು?

ಒಂದು ನಿಯಮದಲ್ಲಿ ಮಾತ್ರ ರಾಜಿ ಬೇಡ: ಪ್ರತಿ ಸುತ್ತಿಗೂ ಫೋನ್ ಹಿಡಿಯುವ ಕೈ ಬದಲಾಗಬೇಕು. 2023ರ ಅಸರ್ ಎಂಬ ಶಿಕ್ಷಣ ಸಮೀಕ್ಷೆ ದೇಶದ ಗ್ರಾಮೀಣ ಭಾಗದ 14ರಿಂದ 18 ವಯಸ್ಸಿನವರನ್ನು ಕೇಳಿತ್ತು. ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ನೂರಕ್ಕೆ ಸುಮಾರು 44 ಮಂದಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ 20 ಮಂದಿಗಷ್ಟೇ. ನಿಯಮವಿಲ್ಲದಿದ್ದರೆ ಫೋನ್ ಹುಡುಗನ ಕೈಯಲ್ಲೇ ಉಳಿಯುತ್ತದೆ, ಹುಡುಗಿ ಬರೆದುಕೊಳ್ಳುತ್ತಾ ಕೂರುತ್ತಾಳೆ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಈ ವಿಷಯ ಎತ್ತಿ. ಮನೆಯಲ್ಲಿ ಹಳೆಯ ಸ್ಮಾರ್ಟ್‌ಫೋನ್ ಇದ್ದರೆ ನಿಮ್ಮ ಫೋಟೊ, ಬ್ಯಾಂಕ್ ವಿವರಗಳನ್ನೆಲ್ಲ ಅಳಿಸಿ ಶಾಲೆಗೆ ಕೊಡಿ. ಮೈಕ್ ಮತ್ತು ಬ್ಯಾಟರಿ ಚೆನ್ನಾಗಿದ್ದರೆ ಸಾಕು, ಪರದೆಗೆ ಗೀರು ಬಿದ್ದಿದ್ದರೂ ನಡೆಯುತ್ತದೆ.