ಕಡಿದ ಸರಪಳಿಯ ಲೆಕ್ಕ

ರಾಜಸ್ಥಾನದ ಬಾರ್ಮೇರ್ ಪ್ರದೇಶದಲ್ಲಿ 2004ರಲ್ಲಿ ಪತ್ತೆಯಾದ ಮಂಗಲಾ ತೈಲಕ್ಷೇತ್ರ 2009ರಲ್ಲಿ ಉತ್ಪಾದನೆ ಆರಂಭಿಸಿತು. ಅಲ್ಲಿನ ಕಚ್ಚಾತೈಲ ಮೇಣದಂಶ ಹೆಚ್ಚಿರುವ ಮಂದ ದ್ರವ. ಅದನ್ನು ಹೊರದೂಡಲು ಬರಿಯ ನೀರನ್ನು ನುಗ್ಗಿಸಿದರೆ, ತೆಳುವಾದ ನೀರು ತೈಲವನ್ನು ಹಿಂದೆ ಬಿಟ್ಟು ಸುಲಭದ ದಾರಿ ಹಿಡಿದು ಉತ್ಪಾದನಾ ಬಾವಿಯನ್ನು ಸೇರಿಬಿಡುತ್ತದೆ. ಆದ್ದರಿಂದ 2014ರಿಂದ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನೀರಿಗೆ ಪಾಲಿಮರ್ ಬೆರೆಸಿ ಭೂಗರ್ಭಕ್ಕೆ ಒತ್ತುವ ಕ್ರಮ ಆರಂಭವಾಯಿತು. ಚೀನದ ದಾಚಿಂಗ್ ತೈಲಕ್ಷೇತ್ರ 1990ರ ದಶಕದಲ್ಲೇ ಈ ಹಾದಿ ಹಿಡಿದಿತ್ತು.

ಹೀಗೆ ಬಳಕೆಯಾಗುವ ಪಾಲಿಅಕ್ರಿಲಮೈಡ್ ಜಾತಿಯ ಪಾಲಿಮರಿನ ಒಂದೊಂದು ಅಣುವೂ ಲಕ್ಷಗಟ್ಟಲೆ ಕೊಂಡಿಗಳ ನೀಳ ಸರಪಳಿ. ದಾಸವಾಳದ ಎಲೆಯನ್ನು ಕಿವುಚಿದ ನೀರು ಲೋಳೆಯಾಗುವಂತೆ, ಇದರ ಅಲ್ಪಾಂಶವೇ ನೀರನ್ನು ಮಂದಗೊಳಿಸುತ್ತದೆ. ಆದರೆ ಯಾವ ನೀಳತೆ ಅದರ ಬಲವೋ ಅದೇ ಅದರ ದೌರ್ಬಲ್ಯ. ಇಕ್ಕಟ್ಟಾದ ಕವಾಟ, ರಭಸದ ಪಂಪು, ಬಾವಿಯ ಕೊಳವೆಗೆ ಕೊರೆದ ಕಿರುರಂಧ್ರ - ಇವುಗಳ ಮೂಲಕ ವೇಗವಾಗಿ ನುಗ್ಗುವಾಗ ಸರಪಳಿಗಳು ಹಿಗ್ಗಿ ತುಂಡಾಗುತ್ತವೆ. ತುಂಡಾದುದು ಮತ್ತೆ ಕೂಡುವುದಿಲ್ಲ, ದ್ರಾವಣ ತೆಳುವಾಗುತ್ತದೆ. ಬಾವಿಯಿಂದ ದೂರದ ಶಿಲಾಸ್ತರದಲ್ಲಾದರೋ ಅದೇ ದ್ರಾವಣ ದಿನಕ್ಕೆ ಒಂದು ಅಡಿಯ ಆಸುಪಾಸು ಮಾತ್ರ ಸಾಗುತ್ತದೆ. ಅಲ್ಲಿ ಅದನ್ನು ಕಡಿಯುವಷ್ಟು ರಭಸವಿಲ್ಲ. ಒಳಗೆ ವರ್ಷಗಟ್ಟಲೆ ದುಡಿಯಬೇಕಾದದ್ದು ಹೊಸ್ತಿಲಲ್ಲೇ ಕ್ಷಣಮಾತ್ರದಲ್ಲಿ ಸತ್ವ ಕಳೆದುಕೊಳ್ಳುತ್ತದೆ.

ಇದು ಕೇವಲ ಎಂಜಿನಿಯರುಗಳ ತಲೆನೋವಲ್ಲ. ಪಾಲಿಮರಿನ ಗುಣ ನಾಶವಾದರೂ ವಸ್ತು ನಾಶವಾಗುವುದಿಲ್ಲ. ಕಳೆದ ಮಂದತೆಯನ್ನು ತುಂಬಿಕೊಳ್ಳಲು ಇನ್ನಷ್ಟು ಪಾಲಿಮರ್ ಸುರಿಯಬೇಕಾಗುತ್ತದೆ. ಅದರ ಒಂದಂಶ ತೈಲದೊಡನೆ ಬರುವ ನೀರಿನಲ್ಲಿ ಮೇಲೆ ಬಂದು, ತೈಲ ಮತ್ತು ನೀರನ್ನು ಬೇರ್ಪಡಿಸುವ ಕೆಲಸವನ್ನು ಕಠಿಣಗೊಳಿಸುತ್ತದೆ. ಪಾಲಿಅಕ್ರಿಲಮೈಡಿನ ವಿಷತ್ವ ಕಡಿಮೆಯೆಂಬುದು ನಿಜ. ಆದರೆ ಅದು ಪ್ರಕೃತಿಯಲ್ಲಿ ಬೇಗ ಕರಗಿಹೋಗುವ ವಸ್ತುವಲ್ಲ. ಅದರ ಮೂಲದ್ರವ್ಯವಾದ ಅಕ್ರಿಲಮೈಡ್ ನರಮಂಡಲಕ್ಕೆ ವಿಷ. ಪಾಲಿಮರಿನಲ್ಲಿ ಅದರ ಶೇಷ ಎಷ್ಟಿದೆಯೆಂಬ ಪರೀಕ್ಷೆ ಸಡಿಲವಾಗಬಾರದು.

ಸಾಮಾನ್ಯ ವಿಧಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ತೈಲ ಶಿಲೆಯಲ್ಲೇ ಉಳಿಯುತ್ತದೆ. ಹೊಸ ಕಾಡು, ಹೊಸ ಕಡಲತಳವನ್ನು ಕೊರೆಯುವುದಕ್ಕಿಂತ ಹಳೆಯ ಬಾವಿಯಿಂದಲೇ ಇನ್ನಷ್ಟು ಪಡೆಯುವುದು ಲೇಸೆಂಬ ವಾದಕ್ಕೆ ತೂಕವಿದೆ. ಆದರೆ ಆ ತೂಕ ನಿಲ್ಲಬೇಕಾದರೆ ಲೆಕ್ಕ ಪೂರ್ಣವಾಗಿರಬೇಕು. ಬೆರೆಸುವ ತೊಟ್ಟಿಯಲ್ಲಿ ಅಳೆದ ಮಂದತೆಯನ್ನಲ್ಲ, ಶಿಲೆಯನ್ನು ತಲುಪಿದ ದ್ರಾವಣದ ಮಂದತೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಸರಪಳಿಯನ್ನು ಕಡಿಯದ ಕವಾಟಗಳೂ ಪಂಪುಗಳೂ ಇಂದು ಲಭ್ಯವಿವೆ. ಅವುಗಳ ಬಳಕೆಯನ್ನು ಪರಿಸರ ಅನುಮತಿಯ ಷರತ್ತಾಗಿಸಬೇಕು. ಎಷ್ಟು ಪಾಲಿಮರ್ ಒಳಹೋಯಿತು, ಎಷ್ಟು ಹಿಂದಿರುಗಿತು, ಆ ನೀರು ಎಲ್ಲಿಗೆ ಸೇರಿತು ಎಂಬುದನ್ನು ಸುತ್ತಲಿನ ಹಳ್ಳಿಗಳ ಮುಂದಿಡಬೇಕು.

ಹೊರಬಂದ ಪೀಪಾಯಿಗಳನ್ನಷ್ಟೇ ಎಣಿಸುವವರಿಗೆ ಈ ವಿಧಾನ ಸದಾ ಗೆಲುವಾಗಿಯೇ ಕಾಣುತ್ತದೆ. ಆ ನೆಲದಲ್ಲೇ ಬಾಳಬೇಕಾದವರಿಗೆ, ಕಡಿದ ಸರಪಳಿಯೂ ಲೆಕ್ಕದ ಭಾಗವೇ.