ಗಮಕಕ್ಕೆ ಜಾಗವಿಲ್ಲದ ಪರದೆ

ತೋಡಿಯ ಗಾಂಧಾರ, ಖರಹರಪ್ರಿಯದ ಗಾಂಧಾರ ಎರಡೂ ಹೆಸರಿಗೆ ಸಾಧಾರಣ ಗಾಂಧಾರವೇ. ಕೇಳಿದವರು ಮಾತ್ರ ಎರಡನ್ನೂ ಒಂದೆನ್ನಲಾರರು. ತೋಡಿಯದು ರಿಷಭ, ಮಧ್ಯಮಗಳ ನಡುವೆ ತೂಗುತ್ತದೆ. ಖರಹರಪ್ರಿಯದ್ದು ಬೇರೆಯೇ ಚಲನೆ. ಸಂಗೀತ ಸಂಯೋಜನೆಯ ಬಹುತೇಕ ಸಾಫ್ಟ್‌ವೇರ್‌ಗಳ ‘ಪಿಯಾನೊ ರೋಲ್’ ಪರದೆಯಲ್ಲಿ, ಷಡ್ಜವನ್ನು ಸಿ ಮನೆಯಲ್ಲಿಟ್ಟರೆ, ಎರಡೂ ಡಿ-ಶಾರ್ಪ್ ಸಾಲಿನಲ್ಲಿ ಒಂದೇ ಬಗೆಯ ಆಯತಗಳಾಗಿ ಕೂರುತ್ತವೆ. ತೂಗಾಟವನ್ನು ಕೆಳಗಿನ ಪಟ್ಟಿಯಲ್ಲಿ ‘ಪಿಚ್ ಬೆಂಡ್’ ಗೆರೆಯಾಗಿ ಬೇರೆಯೇ ಬರೆಯಬೇಕು. ರಾಗದ ಜೀವವಾದ ಗಮಕ ಪರದೆಯಲ್ಲಿ ಅಂಚಿಗೆ ಸರಿಯುತ್ತದೆ.

ಇದರ ಬೇರು ವಿದ್ಯುನ್ಮಾನ ವಾದ್ಯಗಳೂ ಕಂಪ್ಯೂಟರುಗಳೂ ಸ್ವರಗಳ ಸಂಕೇತ ವಿನಿಮಯ ಮಾಡಿಕೊಳ್ಳುವ 1983ರ ಮಿಡಿ ಪದ್ಧತಿಯಲ್ಲಿದೆ. ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ, ಯಾವಾಗ ಬಿಟ್ಟರು ಎಂಬುದೇ ಅದರ ಮುಖ್ಯ ಲೆಕ್ಕ. ಬೆಂಡ್ ಇಡೀ ಚಾನೆಲ್‌ಗೆ ಅನ್ವಯಿಸುವುದರಿಂದ ಒಂದು ಸ್ವರ ಬಾಗಿಸಿದರೆ ಜೊತೆಯವೂ ಬಾಗುತ್ತವೆ. ಪ್ರತಿ ಸ್ವರಕ್ಕೂ ಬೇರೆ ಚಾನೆಲ್ ಕೊಡುವ ಎಂಪಿಇ ಮಾನ್ಯವಾದದ್ದು 2018ರಲ್ಲಿ. ಹಾಗೆಂದು ಬೇರೆ ದಾರಿ ಯಾರಿಗೂ ಹೊಳೆದಿರಲಿಲ್ಲವೆನ್ನುವಂತಿಲ್ಲ. ಸಂಯೋಜಕ ಯಾನಿಸ್ ಕ್ಸೆನಾಕಿಸ್ 1977ರಲ್ಲೇ ಪ್ಯಾರಿಸ್‌ನಲ್ಲಿ ‘ಯುಪಿಕ್’ ರೂಪಿಸಿದ್ದ: ಹಲಗೆಯ ಮೇಲೆ ಗೆರೆ ಎಳೆದರೆ ಅದೇ ನಾದವಾಗುತ್ತಿತ್ತು. ಈಗ ಸಂಯೋಜನೆಯ ಸಾಫ್ಟ್‌ವೇರ್ ಆಬಲ್‌ಟನ್ ಲೈವ್ ಕೂಡ 2024ರ ಆವೃತ್ತಿಯಲ್ಲಿ ಹನ್ನೆರಡು ಸ್ಥಾನಗಳಾಚೆಯ ಶ್ರುತಿ ವ್ಯವಸ್ಥೆಗಳಿಗೂ ಜಾಗ ಕೊಟ್ಟಿದೆ. ಒಳ್ಳೆಯದೇ, ಆದರೆ ಸಾಲುಗಳನ್ನು ಇಪ್ಪತ್ತೆರಡು ಮಾಡಿದರೂ ಆಯತದೊಳಗಿನ ಸ್ವರ ನಿಂತಲ್ಲೇ ನಿಂತಿರುತ್ತದೆ. ನಮಗೆ ಬೇಕಾದದ್ದು ಸ್ವರ ಚಲಿಸುವ ಪರದೆ.

ಆಯ್ಕೆ ಹೆಚ್ಚಾದಷ್ಟೂ ಕಲಿಯುವವರು ಕಂಗಾಲಾಗುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಪ್ಯಾರಿಸ್‌ನ ಇರ್ಕಾಂ ಸಂಸ್ಥೆಯ ‘ಓಪನ್‌ಮ್ಯೂಸಿಕ್’ನಲ್ಲಿ ಪೆಟ್ಟಿಗೆಗಳನ್ನು ಜೋಡಿಸಿ ಸಂಯೋಜಕ ತನ್ನ ಸಲಕರಣೆಯನ್ನು ತಾನೇ ಕಟ್ಟಿಕೊಳ್ಳಬಹುದು, ಹೊಸಬರಿಗೆ ಆ ಖಾಲಿ ಪುಟವೇ ಹೆದರಿಕೆ ಹುಟ್ಟಿಸುತ್ತದೆ. ಆದರೆ ಎಲ್ಲವನ್ನೂ ಎಲ್ಲರ ಮುಂದೆ ಹರಡಬೇಕಿಲ್ಲ. ಲಾಜಿಕ್ ಪ್ರೊ ಈಗಾಗಲೇ ಒಂದೇ ಸಂಗೀತವನ್ನು ಪಿಯಾನೊ ರೋಲ್ ಆಗಿಯೂ ಪಾಶ್ಚಾತ್ಯ ಸ್ವರಲಿಪಿಯಾಗಿಯೂ ತೋರಿಸುತ್ತದೆ. ಒಂದರಲ್ಲಿ ತಿದ್ದಿದರೆ ಇನ್ನೊಂದರಲ್ಲೂ ಬದಲಾಗುತ್ತದೆ. ಅದರ ಪಕ್ಕದಲ್ಲಿ ಸರಿಗಮ ಲಿಪಿ, ಗಮಕದ ಗೆರೆ, ಲಘು-ದ್ರುತಗಳಾಗಿ ಒಡೆದ ತಾಳ ಬಂದರೆ ಬೇಡದವರು ಅವನ್ನು ತೆರೆಯದೆಯೇ ಇರಬಹುದು. ಗಮಕವನ್ನು ಹಾಡಿ ರೆಕಾರ್ಡ್ ಮಾಡಿದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ಹಾಡಲು ಅದು ಸಾಕು, ಸಂಯೋಜನೆಗೆ ಸಾಲದು: ಒಂದು ಸಂಚಾರವನ್ನು ಎರಡನೇ ಕಾಲಕ್ಕೆ ತಂದಾಗ ಗಮಕವನ್ನು ಬರಿದೇ ಕುಗ್ಗಿಸಿದರೆ ಸಾಲದು, ಹೊಸದಾಗಿಯೇ ಹೊಂದಿಸಬೇಕು. ಆ ಕೆಲಸಕ್ಕೆ ಕೈಗೆ ಸಿಗುವ ಗೆರೆ ಬೇಕು.

ಎಲ್‌ಎಂಎಂಎಸ್, ಮ್ಯೂಸ್‌ಸ್ಕೋರ್‌ನಂಥ ಸಂಗೀತ ಸಾಫ್ಟ್‌ವೇರ್‌ಗಳ ಕೋಡ್ ಯಾರು ಬೇಕಾದರೂ ತೆರೆದು ತಿದ್ದುವಂತಿದೆ. ಬೆಂಗಳೂರಿನಲ್ಲಿ ಎಂಜಿನಿಯರುಗಳಿಗೂ ಬರವಿಲ್ಲ, ವಿದ್ವಾಂಸರಿಗೂ ಬರವಿಲ್ಲ. ವಿದೇಶಿ ಕಂಪನಿಗಳು ಮಾಡಿಕೊಡಲಿ ಎಂದು ಕಾಯುವ ಬದಲು ಇಬ್ಬರೂ ಒಟ್ಟಿಗೆ ಕೂತು ತೋಡಿಯಿಂದಲೇ ಶುರುಮಾಡಲಿ.