ನಾಟಾ ವ್ಯಾಪಾರಿಯ ಶಾಸಕಗಿರಿ

ಎಜ್ರಾ ಬಟ್ಲರ್ ಎಡ್ಡಿ ಅಮೆರಿಕದ ವರ್ಮಾಂಟ್‌ನಿಂದ ಕೆನಡಾದ ಹಲ್ ಪಟ್ಟಣಕ್ಕೆ ಬಂದವರು. 1850ರ ದಶಕದಲ್ಲಿ ಗಂಡಹೆಂಡತಿ ಇಬ್ಬರೂ ಕೂತು ಬೆಂಕಿಕಡ್ಡಿಗಳನ್ನು ಕೈಯಿಂದಲೇ ಮಾಡಿ ಮಾರಿದರು. ಒಟ್ಟಾವಾ ನದಿಯಲ್ಲಿ ತೇಲಿಬರುವ ಪೈನ್ ದಿಮ್ಮಿ, ಶೋಡಿಯರ್ ಜಲಪಾತದ ಬಲ. ಸಾಮಿಲ್ಲುಗಳು ಎದ್ದವು, ನಾಟಾ ವ್ಯಾಪಾರ ಬೆಳೆಯಿತು. 1871ರಿಂದ 1875ರವರೆಗೆ ಕ್ವಿಬೆಕ್ ಪ್ರಾಂತ್ಯದ ಶಾಸಕ, ಮುಂದೆ ಹಲ್ ಮೇಯರ್.

ಅಲ್ಲಿನ ಕಾಡಿನ ಬಹುಪಾಲು ಪ್ರಾಂತ್ಯ ಸರ್ಕಾರದ ಸ್ವತ್ತು. ಮರ ಕಡಿಯಲು ಪರವಾನಗಿ ಕೊಡುವುದೂ ಶುಲ್ಕ ಗೊತ್ತುಮಾಡುವುದೂ ಅದೇ. ಮರದ ವ್ಯಾಪಾರಿಯೇ ಆ ಸರ್ಕಾರದ ಶಾಸನಸಭೆಯಲ್ಲಿ ಕೂರುವುದು ನಮ್ಮ ದೃಷ್ಟಿಯಲ್ಲಿ ಒಪ್ಪತಕ್ಕದ್ದಲ್ಲ, ಆತ ಎಷ್ಟೇ ಪ್ರಾಮಾಣಿಕನಿರಲಿ.

1900ರ ಏಪ್ರಿಲ್ 26ರಂದು ಹಲ್‌ನ ಮಹಾ ಅಗ್ನಿದುರಂತದಲ್ಲಿ ಎಡ್ಡಿಯವರ ಕಾರ್ಖಾನೆಯ ಬಹುಪಾಲು ಸುಟ್ಟುಹೋಯಿತು. ಎಪ್ಪತ್ತು ದಾಟಿದ್ದ ಎಡ್ಡಿ ಎದೆಗುಂದದೆ ಮತ್ತೆ ಕಟ್ಟಿದರು. ಆ ಛಲಕ್ಕೆ ತಲೆಬಾಗಲೇಬೇಕು. 1906ರಲ್ಲಿ ತೀರಿಕೊಂಡರು.

ಆದರೆ ಆ ಕಾರ್ಖಾನೆಯಲ್ಲಿ ಬೆಂಕಿಕಡ್ಡಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದವರು ಬಡ ಹೆಣ್ಣುಮಕ್ಕಳು. ದವಡೆಯ ಮೂಳೆಯನ್ನೇ ಕೊಳೆಸುವ ಬಿಳಿ ರಂಜಕದ ಕಡ್ಡಿಗೆ ಕೆನಡಾ ನಿಷೇಧ ಹೇರಿದ್ದು 1914ರಲ್ಲಿ. 1919 ಮತ್ತು 1924ರಲ್ಲಿ ಹಲ್‌ನ ಆ ಕಾರ್ಮಿಕ ಮಹಿಳೆಯರು ಹೋರಾಟಕ್ಕಿಳಿದರು. ಇಂದು ಹಲ್ ಸೇರಿಹೋಗಿರುವ ಗಾಟಿನೋ ನಗರದ ಮುಖ್ಯ ರಸ್ತೆಯೊಂದಕ್ಕೆ ಆ ಮಹಿಳೆಯರ ಹೆಸರಿದೆ. ಎಡ್ಡಿಯವರ ಚರಿತ್ರೆ ಓದುವವರು ಅವರದನ್ನೂ ಓದಬೇಕು.